ನಿರಾಶ್ರಿತರ ದೀರ್ಘವ್ಯಾಧಿ, ಸಂಶೋಧಕನ ಋಣ

ಯುದ್ಧ, ಕ್ಷಾಮ, ಭೂಕಂಪ, ನೆರೆಹಾವಳಿ ಎಂಬ ಮಾತುಗಳನ್ನು ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ಗಾಯಾಳುಗಳ ಚಿತ್ರ, ಹಸಿದ ಮಕ್ಕಳ ಚಿತ್ರ, ವಾಂತಿಭೇದಿ ಹರಡಿದ ಶಿಬಿರಗಳ ಚಿತ್ರ. ಆದರೆ ಊರು ಬಿಟ್ಟು ಓಡುವವರ ಗುಂಪಿನಲ್ಲಿ ಗುಂಡೂ ತಾಗದ, ಸೋಂಕೂ ತಗುಲದ ಮತ್ತೊಬ್ಬ ರೋಗಿ ಇರುತ್ತಾನೆ. ಅವನು ಹತ್ತು ವರ್ಷಗಳಿಂದ ರಕ್ತದ ಒತ್ತಡಕ್ಕೆ ದಿನವೂ ಗುಳಿಗೆ ನುಂಗುತ್ತಿದ್ದವನಾಗಿರಬಹುದು. ಇಲ್ಲವೆ ಇನ್ಸುಲಿನ್ ಚುಚ್ಚಿಸಿಕೊಳ್ಳದೆ ಬದುಕಲಾರದ ಎಂಟು ವರ್ಷದ ಬಾಲಕಿಯಾಗಿರಬಹುದು. ಇವರ ರೋಗ ಯುದ್ಧದಿಂದ ಹುಟ್ಟಿದುದಲ್ಲ. ಆದರೆ ಯುದ್ಧವು ಇವರ ಔಷಧವನ್ನೂ, ವೈದ್ಯನನ್ನೂ, ಔಷಧವನ್ನು ತಂಪಾಗಿಡುತ್ತಿದ್ದ ವಿದ್ಯುತ್ತನ್ನೂ ಒಟ್ಟಿಗೆ ಕಸಿದುಕೊಳ್ಳುತ್ತದೆ.

ಇಂಥವರ ಸಂಖ್ಯೆ ಅಲ್ಪವೆಂದು ತಿಳಿಯಬಾರದು. 2024ರ ಕೊನೆಯ ವೇಳೆಗೆ ಲೋಕದಲ್ಲಿ ಬಲವಂತದಿಂದ ನೆಲೆ ತಪ್ಪಿದವರ ಸಂಖ್ಯೆ 12 ಕೋಟಿಯನ್ನು ಮೀರಿತ್ತು. ಜೋರ್ಡಾನ್ ದೇಶದಲ್ಲಿ ಆಶ್ರಯ ಪಡೆದ ಸಿರಿಯದ ನಿರಾಶ್ರಿತರ ನಡುವೆ ನಡೆದು 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಸುಮಾರು ಅರ್ಧದಷ್ಟು ಕುಟುಂಬಗಳಲ್ಲಿ ಒಬ್ಬರಾದರೂ ದೀರ್ಘವ್ಯಾಧಿಯುಳ್ಳವರು ಇದ್ದರು. ಹೃದ್ರೋಗ, ಮಧುಮೇಹ, ಉಬ್ಬಸ, ರಕ್ತದ ಏರೊತ್ತಡ ಇವೆಲ್ಲ ದೀರ್ಘವ್ಯಾಧಿಗಳು. ಇವುಗಳನ್ನು ಬಹುಮಟ್ಟಿಗೆ ಹಿಡಿತದಲ್ಲಿಡಬಹುದೇ ಹೊರತು ನಿರ್ಮೂಲಮಾಡುವುದು ಅಪರೂಪ. ದಿನದಿನವೂ ಔಷಧ, ಆಗಾಗ ಪರೀಕ್ಷೆ, ವರ್ಷಾನುಗಟ್ಟಲೆ ಒಬ್ಬನೇ ವೈದ್ಯನ ಪರಿಚಯ ಇವೇ ಅವುಗಳ ಚಿಕಿತ್ಸೆ. ನಿರಾಶ್ರಿತನಿಗೆ ಇಲ್ಲದಿರುವುದು ಇವೇ.

ಹಾಗಾದರೆ ಇಂಥಲ್ಲಿ ಚಿಕಿತ್ಸೆ ನಡೆಸುವುದು ಹೇಗೆ? ನಮ್ಮ ವೈದ್ಯಗ್ರಂಥಗಳ ತಿಳಿವಳಿಕೆಯೆಲ್ಲ ದೀಪವಿರುವ, ನೀರಿರುವ, ರೋಗಿಯು ಮುಂದಿನ ತಿಂಗಳೂ ಅದೇ ಮನೆಯಲ್ಲಿ ಸಿಗುವ ಪಟ್ಟಣಗಳಿಂದ ಬಂದುದು. ಶಿಬಿರಕ್ಕೆ ಒಪ್ಪುವ ತಿಳಿವಳಿಕೆ ಬೇಕಾದರೆ ಶಿಬಿರದ ಬದುಕನ್ನು ಅಭ್ಯಾಸಮಾಡಬೇಕು. ಅಭ್ಯಾಸಮಾಡದೆ ಬಿಟ್ಟರೆ ನಾವು ಕೊಡುವ ಔಷಧವೆಲ್ಲ ಕತ್ತಲೆಯಲ್ಲಿ ಎಸೆದ ಕಲ್ಲು. ಅಭ್ಯಾಸಮಾಡಹೊರಟರೆ, ದಿಕ್ಕುಗೆಟ್ಟವರ ದೇಹವೇ ನಮ್ಮ ಪ್ರಯೋಗಶಾಲೆಯಾಗುವ ಭಯ. ಈ ಎರಡು ತಪ್ಪುಗಳ ನಡುವಣ ಕಿರುದಾರಿಯನ್ನು ಹುಡುಕುವುದೇ ಈ ಲೇಖನದ ವಿಷಯ.

ಗುಡಿಸಲಿನಲ್ಲಿ ಇನ್ಸುಲಿನ್

ದಾರಿ ಇದೆ ಎಂಬುದಕ್ಕೆ ಒಂದು ನಿದರ್ಶನವನ್ನು ಮೊದಲು ನೋಡೋಣ. ಆಫ್ರಿಕದ ಕೀನ್ಯಾ ದೇಶದಲ್ಲಿ, ಸೊಮಾಲಿಯದ ಗಡಿಗೆ ಸಮೀಪದಲ್ಲಿ, ದದಾಬ್ ಎಂಬ ಊರಿದೆ. ಸೊಮಾಲಿಯದ ಅಂತರ್ಯುದ್ಧದಿಂದ ಓಡಿಬಂದವರಿಗಾಗಿ 1991ರಿಂದ ಅಲ್ಲಿ ಶಿಬಿರಗಳು ಏರ್ಪಟ್ಟುವು. ಅವುಗಳಲ್ಲಿ ದಗಹಲೆ ಎಂಬುದೊಂದು. ಅಲ್ಲಿ ‘ಗಡಿಗಳಿಲ್ಲದ ವೈದ್ಯರು’ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಆಸ್ಪತ್ರೆಯನ್ನು ನಡೆಸುತ್ತಿತ್ತು.

ಒಂದನೆಯ ಬಗೆಯ ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿಯು ಇನ್ಸುಲಿನ್ನನ್ನು ಸ್ರವಿಸುವುದೇ ನಿಂತುಹೋಗುತ್ತದೆ. ಹೊರಗಿನಿಂದ ದಿನವೂ ಇನ್ಸುಲಿನ್ ಕೊಡದಿದ್ದರೆ ರೋಗಿಯು ಉಳಿಯಲಾರನು. ಇನ್ಸುಲಿನ್ ಒಂದು ಪ್ರೋಟೀನು. ಶಾಖ ಹೆಚ್ಚಿದರೆ ಪ್ರೋಟೀನುಗಳ ರಚನೆ ಕೆಡುವುದೆಂಬುದನ್ನು ಮೊಟ್ಟೆ ಬೇಯಿಸಿದವರೆಲ್ಲ ಬಲ್ಲರು. ಆದುದರಿಂದ ಇನ್ಸುಲಿನ್ ಸೀಸೆಗಳನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡ್ ತಂಪಿನಲ್ಲಿಡಬೇಕು. ಬಳಸತೊಡಗಿದ ಸೀಸೆಯನ್ನು 25 ಡಿಗ್ರಿಯನ್ನು ಮೀರದ ಕಡೆ ಸುಮಾರು ನಾಲ್ಕು ವಾರ ಇಟ್ಟುಕೊಳ್ಳಬಹುದು ಎಂದು ಅಂಗೀಕೃತ ನಿಯಮ. ದಗಹಲೆಯ ಗುಡಿಸಲುಗಳಲ್ಲಿ ಶೀತಕ ಪೆಟ್ಟಿಗೆ ಎಲ್ಲಿಂದ ಬಂದೀತು? ಆದಕಾರಣ ಸೀಸೆ ಆಸ್ಪತ್ರೆಯಲ್ಲಿಯೇ ಉಳಿಯಬೇಕು, ರೋಗಿಯೇ ಸೂಜಿಗಾಗಿ ದಿನಕ್ಕೆ ಹಲವು ಬಾರಿ ಆಸ್ಪತ್ರೆಗೆ ನಡೆದು ಬರಬೇಕು. ಹೀಗೆ ನಡೆದಾಡುವ ಮಗುವಿಗೆ ಶಾಲೆಯಿಲ್ಲ, ತಂದೆಗೆ ಕೂಲಿಯಿಲ್ಲ.

ಸೀಸೆಯನ್ನು ಮನೆಗೆ ಕೊಟ್ಟರೇನು? ಅದು ಕೆಟ್ಟುಹೋದರೆ ರೋಗಿಗೆ ಪ್ರಾಣಭಯ. ಕೆಡುವುದಿಲ್ಲವೆಂದು ಹೇಳುವವರಾರು? ಇಲ್ಲಿ ಒರಟು ಸಂಶೋಧಕನೊಬ್ಬನು ಒಂದು ಸುಲಭದ ಹಾದಿ ಹಿಡಿಯಬಹುದಾಗಿತ್ತು: ಅರ್ಧ ರೋಗಿಗಳಿಗೆ ಮನೆಯಲ್ಲಿಟ್ಟ ಔಷಧ, ಉಳಿದರ್ಧಕ್ಕೆ ಆಸ್ಪತ್ರೆಯ ಔಷಧ; ವರ್ಷದ ಕೊನೆಗೆ ಎಷ್ಟು ಜನ ಮೂರ್ಛೆಹೋದರೆಂದು ಎಣಿಸುವುದು. ‘ಗಡಿಗಳಿಲ್ಲದ ವೈದ್ಯರು’ ಮತ್ತು ಜಿನೀವ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಹಾಗೆ ಮಾಡಲಿಲ್ಲ. ಅವರು ಮೊದಲು ಶಿಬಿರದ ಉಷ್ಣತೆಯನ್ನು ಅಳೆದರು. ಅದು ಇರುಳು 25 ಡಿಗ್ರಿಗೆ ಇಳಿದು ಹಗಲು 37ಕ್ಕೆ ಏರುತ್ತಿತ್ತು. ಅನಂತರ ಇದೇ ಏರಿಳಿತವನ್ನು ಪ್ರಯೋಗಶಾಲೆಯಲ್ಲಿ ನಾಲ್ಕು ವಾರ ನಡೆಸಿ, ಅದರೊಳಗೆ ಇನ್ಸುಲಿನ್ ಸೀಸೆಗಳನ್ನಿಟ್ಟು, ಔಷಧದ ಸತ್ತ್ವವನ್ನು ರಾಸಾಯನಿಕ ವಿಧಾನದಿಂದ ಅಳೆದರು. ಜೀವಕೋಶಗಳ ಮೇಲೂ ಅದರ ಪ್ರಭಾವವನ್ನು ನೋಡಿದರು. ಸತ್ತ್ವವು ಶೇಕಡಾ 1ಕ್ಕಿಂತ ಹೆಚ್ಚಾಗಿ ಕುಂದಿರಲಿಲ್ಲ. ತಂಪಿನಲ್ಲಿಟ್ಟ ಇನ್ಸುಲಿನ್ನಿಗೂ ಇದಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. 2021ರ ಫೆಬ್ರವರಿಯಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇಲ್ಲಿ ಗಮನಿಸತಕ್ಕ ಅಂಶ ಇನ್ಸುಲಿನ್ನಿನ ಗುಣವಷ್ಟೇ ಅಲ್ಲ. ಪ್ರಶ್ನೆ ಹುಟ್ಟಿದುದು ಶಿಬಿರದಲ್ಲಿ. ಪರೀಕ್ಷೆಗೆ ಗುರಿಯಾದುದು ಗಾಜಿನ ಸೀಸೆ. ಉತ್ತರದಿಂದ ಹಗುರವಾಗುವುದು ಆ ಶಿಬಿರದವರ ಮತ್ತು ಅಂಥವರ ಹೊರೆಯೇ. ಮನುಷ್ಯರನ್ನು ಅಪಾಯಕ್ಕೊಡ್ಡದೆ ಉತ್ತರ ಸಿಗುವಂತಿದ್ದರೆ ಹಾಗೆಯೇ ಪಡೆಯತಕ್ಕದ್ದು. ಇದು ಮೊದಲನೆಯ ಪಾಠ.

ಬೇಡವೆನ್ನುವ ಸ್ವಾತಂತ್ರ್ಯ

ಆದರೆ ಎಲ್ಲ ಪ್ರಶ್ನೆಗಳಿಗೂ ಸೀಸೆಯು ಉತ್ತರ ಕೊಡುವುದಿಲ್ಲ. ಮನುಷ್ಯನನ್ನೇ ಅಭ್ಯಾಸಮಾಡಬೇಕಾದ ಸಂದರ್ಭಗಳುಂಟು. ಆಗ ಏನಾಗಬಹುದೆಂಬುದಕ್ಕೆ ಎರಡನೆಯ ಮಹಾಯುದ್ಧದ ಕೊನೆಯ ಒಂದು ಘಟನೆಯನ್ನು ನೆನೆಯಬೇಕು. ಅಲ್ಲಿಯ ರೋಗ ದೀರ್ಘಕಾಲದ ಉಪವಾಸ. ಅಲ್ಲಿಯ ಪಾಠ ಮಾತ್ರ ಎಲ್ಲ ರೋಗಗಳಿಗೂ ಸಲ್ಲುವಂಥದು.

1945ರ ಏಪ್ರಿಲ್ 15ರಂದು ಬ್ರಿಟಿಷ್ ಸೇನೆ ಜರ್ಮನಿಯ ಬೆಲ್ಸೆನ್ ಸೆರೆಶಿಬಿರವನ್ನು ಹೊಕ್ಕಾಗ ಅಲ್ಲಿ ಸುಮಾರು 60,000 ಬಂದಿಗಳಿದ್ದರು. ಎಲುಬಿನ ಗೂಡುಗಳಾಗಿದ್ದ ಅವರಿಗೆ ಸೈನಿಕರು ತಮ್ಮಲ್ಲಿದ್ದ ಡಬ್ಬಿಯ ಮಾಂಸವನ್ನು ಕರುಣೆಯಿಂದ ಹಂಚಿದರು. ಬಹುಕಾಲ ಬರಿದಾಗಿದ್ದ ದೇಹಗಳು ಆ ಗಡುಸಾದ ಆಹಾರವನ್ನು ತಾಳಲಾರದೆ ಹೋದುವು; ಹಲವರು ಅದರಿಂದಲೇ ಸತ್ತರು. ಹಸಿವು, ಟೈಫಸ್, ಕ್ಷಯಗಳೆಲ್ಲ ಸೇರಿ ಬಿಡುಗಡೆಯ ಅನಂತರವೇ ಸುಮಾರು 14,000 ಜನ ಅಲ್ಲಿ ತೀರಿಕೊಂಡರು. ಹಸಿದವನಿಗೆ ಉಣಿಸುವುದಕ್ಕೂ ಶಾಸ್ತ್ರಜ್ಞಾನ ಬೇಕೆಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷ್ಯ ಬೇಕಿಲ್ಲ.

ಆಗ ನಮ್ಮ ದೇಶದ ಒಂದು ದುರಂತದಿಂದ ಕಲಿತುದನ್ನು ಅಲ್ಲಿ ಬಳಸಿ ನೋಡಿದರು. 1943ರ ಬಂಗಾಳದ ಕ್ಷಾಮದಲ್ಲಿ ಹಾಲಿನ ಪುಡಿ, ಹಿಟ್ಟು, ಸಕ್ಕರೆ ಸೇರಿಸಿ ತಯಾರಿಸಿದ್ದ ಗಂಜಿ ಬೆಲ್ಸೆನ್ನಿಗೆ ಬಂದಿತು. ಅದರ ಅತಿಯಾದ ಸಿಹಿ ಅಲ್ಲಿನವರಿಗೆ ಸೇರಲಿಲ್ಲ. ಅದೇ ಕ್ಷಾಮದಲ್ಲಿ ಕಲ್ಕತ್ತೆಯ ವೈದ್ಯರು ಪರೀಕ್ಷಿಸಿದ್ದ ಇನ್ನೊಂದು ಉಪಾಯವೆಂದರೆ, ಮೊದಲೇ ಜೀರ್ಣಗೊಳಿಸಿದ ಪ್ರೋಟೀನನ್ನು ರಕ್ತನಾಳದ ಮೂಲಕ ಕೊಡುವುದು. ಅದನ್ನು ಬೆಲ್ಸೆನ್ನಿನಲ್ಲಿ ಪರೀಕ್ಷಿಸಲು ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯು ಡಾ. ಜಾನೆಟ್ ವಾನ್ ಅವರ ಮುಂದಾಳುತನದಲ್ಲಿ ಒಂದು ತಂಡವನ್ನು ಕಳುಹಿಸಿತು. ವಾನ್ ದಕ್ಷರಾದ ವೈದ್ಯೆ, ಅವರ ಉದ್ದೇಶವು ಜೀವವನ್ನುಳಿಸುವುದು. ಆದರೆ ಸೂಜಿಯನ್ನು ಕಂಡೊಡನೆ ಹಲವು ರೋಗಿಗಳು ಭಯದಿಂದ ಚೀರಿದರು. ಸೆರೆಶಿಬಿರಗಳಲ್ಲಿ ಸೂಜಿಯೆಂದರೆ ಸಾವು; ಅದನ್ನು ಹಿಡಿದು ಬರುತ್ತಿದ್ದವನು ಸಹ ಬಿಳಿ ಅಂಗಿಯ ವೈದ್ಯನೇ ಆಗಿದ್ದನು.

ಕೊನೆಗೆ ಹೊರಬಿದ್ದ ತೀರ್ಮಾನವು ಸರಳವಾದುದು: ಆ ಹೊಸ ಔಷಧದಿಂದ ವಿಶೇಷ ಪ್ರಯೋಜನವಿಲ್ಲ, ಸ್ವಲ್ಪಸ್ವಲ್ಪವಾಗಿ, ಮತ್ತೆ ಮತ್ತೆ, ಬಾಯಿಂದ ಕುಡಿಸುವ ಹಾಲೇ ಉತ್ತಮ. ಈ ತೀರ್ಮಾನಕ್ಕೆ ಬೆಲೆಯುಂಟು. ಆದರೆ ಅದಕ್ಕಿಂತ ಹೆಚ್ಚಿನ ಬೆಲೆ ಆ ಚೀರಾಟದ ಅರ್ಥಕ್ಕೆ ಉಂಟು. ಸಂಶೋಧಕನ ಮನಸ್ಸು ಒಳ್ಳೆಯದಾಗಿದ್ದರೆ ಸಾಲದು. ಎದುರಿಗಿರುವವನು ಅವನ ಕೈಯಲ್ಲಿ ಏನನ್ನು ಕಾಣುತ್ತಿದ್ದಾನೆ ಎಂಬುದನ್ನೂ ಅವನು ಅರಿಯಬೇಕು.

ಸೆರೆಯಾಳುಗಳ ಮೇಲೆ ನಾತ್ಸಿ ವೈದ್ಯರು ನಡೆಸಿದ ಕ್ರೂರ ಪ್ರಯೋಗಗಳ ವಿಚಾರಣೆಯ ಕೊನೆಯಲ್ಲಿ, 1947ರಲ್ಲಿ, ನ್ಯೂರೆಂಬರ್ಗ್ ಸಂಹಿತೆ ಹುಟ್ಟಿತು. ಪ್ರಯೋಗಕ್ಕೊಳಗಾಗುವವನ ಸ್ವಂತ ಇಚ್ಛೆಯ ಒಪ್ಪಿಗೆ ಅನಿವಾರ್ಯವೆಂಬುದು ಅದರ ಮೊದಲ ಕಟ್ಟಳೆ. 1964ರಲ್ಲಿ ಜಾಗತಿಕ ವೈದ್ಯ ಸಂಘವು ಹೆಲ್ಸಿಂಕಿ ಘೋಷಣೆಯನ್ನು ಹೊರಡಿಸಿತು. ಅದು ಹಲವು ಬಾರಿ ತಿದ್ದುಪಡಿಯಾಗಿ, 2024ರಲ್ಲಿ ಮತ್ತೊಮ್ಮೆ ಪರಿಷ್ಕೃತವಾಯಿತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು 2017ರಲ್ಲಿ ಪ್ರಕಟಿಸಿದ ನೀತಿಸೂತ್ರಗಳಲ್ಲಿ, ವಿಪತ್ತುಗಳ ಸಮಯದ ಸಂಶೋಧನೆಗೆಂದೇ ಒಂದು ಪ್ರತ್ಯೇಕ ಅಧ್ಯಾಯವಿದೆ.

ಕಟ್ಟಳೆಗಳೇನೋ ಆದುವು. ಆದರೆ ಶಿಬಿರದಲ್ಲಿ ಒಪ್ಪಿಗೆಯೆಂದರೆ ಏನು? ರೊಟ್ಟಿ ಕೊಡುವವರೂ, ಔಷಧ ಕೊಡುವವರೂ, ‘ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತು’ ಎನ್ನುವವರೂ ಒಂದೇ ಗುಂಪಿನವರಾದರೆ ‘ಒಲ್ಲೆ’ ಎನ್ನುವ ಧೈರ್ಯ ಯಾರಿಗಿದ್ದೀತು? ರಕ್ತ ಪರೀಕ್ಷೆಗೆ ಒಪ್ಪದಿದ್ದರೆ ನಾಳೆಯ ಗುಳಿಗೆ ತಪ್ಪೀತೆಂಬ ಅಂಜಿಕೆ ಒಂದು ಕಡೆ. ಸಂಶೋಧನೆಯೆಂದರೆ ತನಗಾಗಿಯೇ ನಡೆಯುವ ಚಿಕಿತ್ಸೆಯೆಂಬ ಭ್ರಾಂತಿ ಇನ್ನೊಂದು ಕಡೆ. ಆದಕಾರಣ ಸಹಿಯೊಂದನ್ನು ಪಡೆದ ಮಾತ್ರಕ್ಕೆ ಒಪ್ಪಿಗೆ ದೊರೆತಂತಾಗದು. ಕೇಳುವವನು ಚಿಕಿತ್ಸೆ ಕೊಡುವವನಿಂದ ಬೇರೆಯವನಾಗಿರಬೇಕು; ರೋಗಿಯ ಮನೆಮಾತಿನಲ್ಲಿ ಹೇಳಬೇಕು; ಮನೆಯವರೊಡನೆ ಮಾತಾಡಿಕೊಂಡು ಬರಲು ಬಿಡುವು ಕೊಡಬೇಕು; ಒಲ್ಲೆನೆಂದವನಿಗೂ ಅದೇ ಗುಳಿಗೆ, ಅದೇ ಮರ್ಯಾದೆ ಸಲ್ಲಬೇಕು. ಬಂದವರಲ್ಲಿ ಒಬ್ಬನೂ ನಿರಾಕರಿಸಲಿಲ್ಲವೆಂದರೆ ಸಂಶೋಧಕನು ಹಿಗ್ಗಬಾರದು, ಸಂಶಯಪಡಬೇಕು.

ಗುಟ್ಟಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಶಾಂತವಾದ ಊರಿನಲ್ಲಿ ರೋಗಿಗಳ ಹೆಸರುಪಟ್ಟಿ ಬರಿಯ ಪಟ್ಟಿ. ಯುದ್ಧದ ನಾಡಿನಲ್ಲಿ ಯಾರು ಯಾವ ಊರಿನವರು, ಯಾವ ಪಂಗಡದವರು, ಈಗ ಎಲ್ಲಿದ್ದಾರೆ ಎಂಬುದನ್ನು ತಿಳಿಸುವ ಅದೇ ಪಟ್ಟಿ ವೈರಿಯ ಕೈಸೇರಿದರೆ ಆಯುಧವಾಗುತ್ತದೆ. ಬೇಕಿಲ್ಲದುದನ್ನು ಬರೆದುಕೊಳ್ಳದಿರುವುದೇ ಅದಕ್ಕೆ ಮೊದಲ ರಕ್ಷೆ.

ರೋಗಕ್ಕೆ ಕೊನೆಯಿಲ್ಲ, ಯೋಜನೆಗೆ ಕೊನೆಯುಂಟು

ಇಷ್ಟರವರೆಗೆ ಹೇಳಿದುದು ವಿಪತ್ತಿನ ನಡುವೆ ನಡೆಯುವ ಎಲ್ಲ ಸಂಶೋಧನೆಗೂ ಸಲ್ಲುತ್ತದೆ. ದೀರ್ಘವ್ಯಾಧಿಯ ಸಂಶೋಧನೆಗೆ ತನ್ನದೇ ಆದ ಒಂದು ತೊಡಕುಂಟು. ಕಾಲರಾ ರೋಗಿಯು ಕೆಲವು ದಿನಗಳಲ್ಲಿ ಗುಣಹೊಂದುತ್ತಾನೆ. ಅವನನ್ನು ಅಭ್ಯಾಸಮಾಡಿದವನ ಹೊಣೆಯೂ ಅಲ್ಲಿಗೆ ಬಹುಮಟ್ಟಿಗೆ ತೀರುತ್ತದೆ. ಮಧುಮೇಹಿಯ ರೋಗವಾದರೋ ಅವನ ಆಯುಷ್ಯದಷ್ಟೇ ಉದ್ದ. ಸಂಶೋಧನೆಗೆ ಬರುವ ಹಣ ಎರಡು ಮೂರು ವರ್ಷಗಳದು.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಶಿಬಿರವೊಂದರಲ್ಲಿ ಸಾವಿರ ಜನರ ರಕ್ತದ ಒತ್ತಡವನ್ನು ಅಳೆದೆವು; ಇನ್ನೂರು ಜನರಿಗೆ ಏರೊತ್ತಡವಿದೆಯೆಂದು ತಿಳಿಯಿತು. ನಮ್ಮ ಪ್ರಬಂಧಕ್ಕೆ ಬೇಕಾದ ಅಂಕಿ ಸಿಕ್ಕಿತು. ಆ ಇನ್ನೂರು ಜನರಿಗೆ ಸಿಕ್ಕಿದುದೇನು? ಔಷಧದ ಏರ್ಪಾಡಿಲ್ಲದೆ ರೋಗದ ಹೆಸರನ್ನು ಮಾತ್ರ ಹೇಳಿ ಹೋದರೆ, ನಿನ್ನೆಯವರೆಗೆ ಇಲ್ಲದ ಒಂದು ಚಿಂತೆಯನ್ನು ಕೊಟ್ಟು ಹೋದಂತಾಯಿತಷ್ಟೆ. ಇನ್ನು, ಹೊಸ ಗುಳಿಗೆಯೊಂದನ್ನು ಎರಡು ವರ್ಷ ಕೊಟ್ಟು, ಅದು ಫಲಕಾರಿಯೆಂದು ತೋರಿಸಿ, ಯೋಜನೆ ಮುಗಿದೊಡನೆ ಗುಳಿಗೆಯನ್ನೂ ನಿಲ್ಲಿಸಿದರೆ ಆ ರೋಗಿಯ ಪಾಡೇನು? ಪ್ರಯೋಗ ಮುಗಿದ ಮೇಲೆ ಅದರಲ್ಲಿ ಪಾಲುಗೊಂಡವರಿಗೆ ಔಷಧ ದೊರೆಯುವ ಬಗೆಯನ್ನು ಮೊದಲೇ ಗೊತ್ತುಮಾಡಬೇಕೆಂದು ಹೆಲ್ಸಿಂಕಿ ಘೋಷಣೆ ಹೇಳುವುದು ಈ ಕಾರಣದಿಂದಲೇ.

ಹೋಲಿಕೆಯ ವಿಚಾರದಲ್ಲಿಯೂ ಒಂದು ಬಿಕ್ಕಟ್ಟುಂಟು. ಹೊಸ ಚಿಕಿತ್ಸೆಯನ್ನು ಯಾವುದಕ್ಕೆ ಹೋಲಿಸಬೇಕು? ಪಟ್ಟಣದ ಅತ್ಯುತ್ತಮ ಚಿಕಿತ್ಸೆಗೆ ಹೋಲಿಸಿದರೆ, ಅದು ಶಿಬಿರದಲ್ಲಿ ಎಂದೂ ದೊರೆಯದ ವಸ್ತುವಾದುದರಿಂದ ಉತ್ತರವು ಉಪಯೋಗಕ್ಕೆ ಬಾರದು. ಶಿಬಿರದಲ್ಲಿರುವ ‘ಏನೂ ಇಲ್ಲ’ ಎಂಬ ಸ್ಥಿತಿಗೆ ಹೋಲಿಸಿದರೆ, ಅವರ ಬಡತನವನ್ನೇ ನಮ್ಮ ಪ್ರಯೋಗದ ಸಾಧನವನ್ನಾಗಿ ಮಾಡಿಕೊಂಡಂತಾಯಿತು. ಬಲ್ಲವರಲ್ಲಿ ಈ ಬಗ್ಗೆ ಚರ್ಚೆ ಇನ್ನೂ ನಡೆದಿದೆ. ನಮಗೆ ತೋರುವ ಮಧ್ಯಮಾರ್ಗ ಇದು: ಸಂಶೋಧನೆಗೆ ಸೇರಿದುದರಿಂದ ಯಾರ ಸ್ಥಿತಿಯೂ ಮೊದಲಿಗಿಂತ ಕೀಳಾಗಬಾರದು, ಫಲಕಾರಿಯೆಂದು ತಿಳಿದಿರುವ ಚಿಕಿತ್ಸೆಯನ್ನು ಅಲ್ಲಿಗೆ ತರುವುದು ಸಾಧ್ಯವಿದ್ದಾಗ ಹೋಲಿಕೆಯ ನೆವದಿಂದ ಅದನ್ನು ತಡೆಹಿಡಿಯಬಾರದು.

ಉತ್ತರ ಯಾರಿಗೆ ಸೇರಬೇಕು?

ಸಂಶೋಧಕನ ಹೊಣೆಯಲ್ಲಿ ಫಲಿತಾಂಶವನ್ನು ಹಿಂದಿರುಗಿಸುವುದೂ ಸೇರಿದೆ. 1984ರ ಡಿಸೆಂಬರ್ 2ರ ಮಧ್ಯರಾತ್ರಿಯ ಸುಮಾರಿಗೆ ಭೋಪಾಲದ ಕೀಟನಾಶಕ ಕಾರಖಾನೆಯಿಂದ ಮಿಥೈಲ್ ಐಸೊಸಯನೇಟ್ ಎಂಬ ವಿಷಾನಿಲ ಸೋರಿತು. ಸಾವಿರಾರು ಜನ ಸತ್ತರು. ಉಳಿದವರಲ್ಲಿ ಎಷ್ಟೋ ಮಂದಿಗೆ ಶ್ವಾಸಕೋಶದ ಮತ್ತು ಕಣ್ಣಿನ ತೊಂದರೆಗಳು ವರ್ಷಗಟ್ಟಲೆ ಉಳಿದುವು. ಅಂಥ ಅನಿಲವನ್ನು ಅಷ್ಟು ದೊಡ್ಡ ಜನಸಮೂಹ ಉಸಿರಾಡಿದ ಉದಾಹರಣೆ ಹಿಂದೆ ಇರಲಿಲ್ಲ. ಚಿಕಿತ್ಸೆ ಯಾವುದೆಂದು ಪುಸ್ತಕ ನೋಡಿ ಹೇಳುವಂತಿರಲಿಲ್ಲ. ಆದುದರಿಂದ ಅಲ್ಲಿ ಸಂಶೋಧನೆ ನಡೆಯಲೇಬೇಕಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು 1985ರಿಂದ 1994ರವರೆಗೆ ಅನಿಲಪೀಡಿತ ಬಡಾವಣೆಗಳ ಸುಮಾರು 80,000 ಜನರನ್ನೂ, ಅನಿಲ ತಾಗದ ಬಡಾವಣೆಗಳ ಸುಮಾರು 16,000 ಜನರನ್ನೂ ಅಭ್ಯಾಸಮಾಡಿತು. ವಿಪತ್ತಿನ ನಡುವೆ ಮನೆಮನೆಗೆ ಹೋಗಿ ಹತ್ತು ವರ್ಷ ನಡೆಸಿದ ಈ ಕಾರ್ಯ ಸಾಮಾನ್ಯವಾದುದಲ್ಲ.

ಆದರೆ ಈ ಜನಸಮೂಹದ ದೀರ್ಘಾವಧಿಯ ಅಭ್ಯಾಸದ ಸಮಗ್ರ ವರದಿ ಅಚ್ಚಾಗಿ ಹೊರಬಂದುದು 2004ರಲ್ಲಿ. ಕೆಲಸ ನಿಂತು ಆಗಲೇ ಹತ್ತು ವರ್ಷ ಸಂದಿದ್ದುವು. ಗ್ರಂಥಾಲಯದ ಕಪಾಟಿಗೆ ಹತ್ತು ವರ್ಷ ದೊಡ್ಡದಲ್ಲ. ಮೆಟ್ಟಿಲೇರಿದರೆ ಏದುಸಿರು ಬಿಡುವವನಿಗೆ ಅದು ಬಾಳಿನ ಒಂದು ದೊಡ್ಡ ಭಾಗ. ತನ್ನ ಎದೆಯ ಮೇಲೆ ವರ್ಷವರ್ಷವೂ ನಳಿಗೆಯನ್ನಿಡಲು ಬಿಟ್ಟವನಿಗೆ, ಆ ನಳಿಗೆ ಏನು ಹೇಳಿತೆಂಬುದನ್ನು ಕೇಳುವ ಹಕ್ಕಿದೆ. ವೈದ್ಯನು ಚಿಕಿತ್ಸೆಯನ್ನು ತಿದ್ದಿಕೊಳ್ಳಬೇಕಾದರೂ, ಸರಕಾರವು ಪರಿಹಾರವನ್ನು ಗೊತ್ತುಪಡಿಸಬೇಕಾದರೂ ಆ ತಿಳಿವಳಿಕೆ ಕಾಲಕ್ಕೆ ಸರಿಯಾಗಿ ಬರಬೇಕು. ತಡವಾಗಿ ತಲುಪಿದ ಸತ್ಯವೂ ಸತ್ಯವೇ. ಆದರೆ ಅದು ಮದ್ದಾಗಲಾರದು.

ಕಾಯಬಲ್ಲ ಪ್ರಶ್ನೆಗಳು

ಎಲ್ಲ ಪ್ರಶ್ನೆಗಳನ್ನೂ ಸಂಕಟದ ನಡುವೆಯೇ ಕೇಳಬೇಕೆಂದಿಲ್ಲ. ಕೆಲವು ಪ್ರಶ್ನೆಗಳು ಕಾಯಬಲ್ಲುವು. 1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ರೈಲು ಕೆಲಸಗಾರರು ಮುಷ್ಕರ ಹೂಡಿದಾಗ ಜರ್ಮನರು ಪಶ್ಚಿಮ ಭಾಗಕ್ಕೆ ಆಹಾರದ ಸಾಗಾಟವನ್ನು ತಡೆದರು. ಚಳಿಗಾಲದಲ್ಲಿ ಕಾಲುವೆಗಳೂ ಹೆಪ್ಪುಗಟ್ಟಿದುವು. ಆಮ್‌ಸ್ಟರ್‌ಡಾಮಿನಲ್ಲಿ ಒಬ್ಬನ ದಿನದ ಪಡಿತರವು 400ರಿಂದ 800 ಕ್ಯಾಲರಿಗೆ ಇಳಿಯಿತು. 1945ರ ಮೇ ತಿಂಗಳಲ್ಲಿ ಬಿಡುಗಡೆಯಾಗುವ ವೇಳೆಗೆ ಈ ‘ಹಸಿವಿನ ಚಳಿಗಾಲ’ಕ್ಕೆ ಸುಮಾರು 20,000 ಜನ ಬಲಿಯಾಗಿದ್ದರು.

ಆಮ್‌ಸ್ಟರ್‌ಡಾಮಿನ ವಿಲ್ಹೆಲ್ಮಿನಾ ಆಸ್ಪತ್ರೆಯ ದಾದಿಯರು ಆ ಚಳಿಗಾಲದಲ್ಲಿಯೂ ಹುಟ್ಟಿದ ಪ್ರತಿಯೊಂದು ಕೂಸನ್ನೂ ತೂಗಿ, ಅಳೆದು, ಬರೆದಿಡುವುದನ್ನು ಬಿಡಲಿಲ್ಲ. ಅರ್ಧ ಶತಮಾನದ ಬಳಿಕ ಸಂಶೋಧಕರು ಆ ಕಡತಗಳನ್ನು ಬಿಚ್ಚಿದರು. 1943ರ ನವೆಂಬರಿನಿಂದ 1947ರ ಫೆಬ್ರವರಿಯವರೆಗೆ ಹುಟ್ಟಿದ 2,414 ಶಿಶುಗಳ ಗುಂಪನ್ನು ಗುರುತಿಸಿ, ಅವರಲ್ಲಿ ಸಿಕ್ಕವರನ್ನು ಕಂಡು ಪರೀಕ್ಷಿಸಿದರು. ತಾಯಿಯ ಗರ್ಭದಲ್ಲಿದ್ದಾಗ ಕ್ಷಾಮವನ್ನು ಕಂಡವರ ದೇಹವು ಐವತ್ತರ ವಯಸ್ಸಿನಲ್ಲಿ ಸಕ್ಕರೆಯನ್ನು ಅರಗಿಸಿಕೊಳ್ಳುವುದರಲ್ಲಿ ಹಿಂದೆ ಬಿದ್ದಿತ್ತೆಂದು 1998ರಲ್ಲಿ ಪ್ರಕಟಿಸಿದರು. ಹುಟ್ಟುವ ಮೊದಲಿನ ಹಸಿವು ಮಧ್ಯವಯಸ್ಸಿನ ಮಧುಮೇಹದ ಬೀಜವಾಗಬಹುದು!

ಕನ್ನಡ ನಾಡಿಗೂ ಈ ಬಗೆಯ ಅಭ್ಯಾಸದಲ್ಲಿ ಒಂದು ಸ್ಥಾನವುಂಟು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಹೆರಿಗೆಯ ಕಡತಗಳ ನೆರವಿನಿಂದ, 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಲಾಯಿತು. ಹುಟ್ಟುವಾಗ ತೂಕ ಕಡಮೆಯಿದ್ದವರಲ್ಲಿ ಹೃದಯದ ರಕ್ತನಾಳಗಳ ರೋಗ ಹೆಚ್ಚೆಂದು 1996ರಲ್ಲಿ ತಿಳಿದುಬಂದಿತು. ಅಲ್ಲಿ ಯುದ್ಧವಿರಲಿಲ್ಲ, ಶಿಬಿರವಿರಲಿಲ್ಲ. ಆದರೆ ವಿಧಾನ ಅದೇ. ಯಾವ ಸಂಶೋಧಕನೂ ಯಾರನ್ನೂ ಉಪವಾಸ ಕೆಡವಲಿಲ್ಲ; ಯಾರ ಚಿಕಿತ್ಸೆಯನ್ನೂ ತಡೆಯಲಿಲ್ಲ. ಪರೀಕ್ಷೆಗೆ ಬಂದವರು ಹೊಟ್ಟೆತುಂಬ ಉಂಡು, ಬೇಕೆಂದರೆ ಬಂದು ಬೇಡವೆಂದರೆ ಮನೆಯಲ್ಲಿ ಉಳಿಯಬಲ್ಲವರಾಗಿದ್ದರು.

ಇದರಿಂದ ಒಂದು ವ್ಯಾವಹಾರಿಕ ಪಾಠವೂ ಹೊರಡುತ್ತದೆ. ಸಂಕಟಕಾಲದಲ್ಲಿ ಪ್ರಯೋಗಗಳಿಗೆ ಅವಕಾಶವಿಲ್ಲದಿದ್ದರೂ, ಚಿಕಿತ್ಸೆಯ ದಿನಚರಿಯನ್ನು ನಿಷ್ಠೆಯಿಂದ ಬರೆದು ಜೋಪಾನವಾಗಿ ಇಡುವುದಕ್ಕೆ ಅವಕಾಶವುಂಟು. ರೋಗಿಯ ಆರೈಕೆಗಾಗಿಯೇ ಬರೆದ ಆ ಕಾಗದವು ಮುಂದೊಂದು ದಿನ ವಿಜ್ಞಾನಕ್ಕೂ ಒದಗುತ್ತದೆ. ಆದರೆ ಈ ಮಾರ್ಗಕ್ಕೊಂದು ಮಿತಿಯಿದೆ. ಇಂದಿನ ಶಿಬಿರದಲ್ಲಿರುವ ಬಾಲಕಿಯು ತನ್ನ ಇನ್ಸುಲಿನ್ನಿನ ಪ್ರಶ್ನೆಗೆ ಉತ್ತರವನ್ನು ಐವತ್ತು ವರ್ಷ ಕಾಯಲಾರಳು.

ಐದು ಪ್ರಶ್ನೆಗಳು

ಆದಕಾರಣ ಸಂಶೋಧನೆಯೊಂದಕ್ಕೆ ಹೊರಡುವ ಮುನ್ನ ಹೀಗೆ ಕೇಳಿಕೊಳ್ಳುವುದು ಯುಕ್ತ. ಈ ಪ್ರಶ್ನೆ ಅಲ್ಲಿಯ ರೋಗಿಗಳ ಕಷ್ಟದಿಂದ ಹುಟ್ಟಿದುದೋ, ನಮ್ಮ ಕುತೂಹಲದಿಂದ ಹುಟ್ಟಿದುದೋ? ಪ್ರಯೋಗಶಾಲೆಯಲ್ಲಿ, ಹಳೆಯ ಕಡತಗಳಲ್ಲಿ ಅಥವಾ ಸುಖವಾಗಿರುವವರ ನಡುವೆ ಇದಕ್ಕೆ ಉತ್ತರ ಸಿಕ್ಕದೆ? ರೋಗಿಯು ಬೇಡವೆಂದರೆ ಅವನಿಗೆ ನಷ್ಟವೇನೂ ಆಗದೆ? ನಾವು ಹೊರಟುಹೋದ ಮೇಲೆ ಅವನ ಔಷಧಕ್ಕೆ ಗತಿಯೇನು? ಉತ್ತರವು ಮೊದಲು ಯಾರಿಗೆ, ಎಷ್ಟು ಬೇಗ ತಲುಪುತ್ತದೆ?

ಇವುಗಳಲ್ಲಿ ನಾಲ್ಕನೆಯದೇ ದೀರ್ಘವ್ಯಾಧಿಯ ವಿಷಯದಲ್ಲಿ ಅತಿ ಕಠಿನವಾದುದು. ಸಂಶೋಧಕರು ಸುಲಭವಾಗಿ ಮರೆಯುವುದೂ ಅದನ್ನೇ. ಜೀವಮಾನವಿಡೀ ಬಿಡದ ರೋಗವನ್ನು ಅಭ್ಯಾಸಮಾಡುವವನು ಒಂದು ದೀರ್ಘವಾದ ಋಣಕ್ಕೆ ಬೀಳುತ್ತಾನೆ. ಅದನ್ನು ಅವನೊಬ್ಬನೇ ತೀರಿಸಲಾರನು. ಸ್ಥಳೀಯ ವೈದ್ಯರಿಗೂ ದಾದಿಯರಿಗೂ ತರಬೇತು ಕೊಟ್ಟು, ಆ ದೇಶದ ಆರೋಗ್ಯ ಇಲಾಖೆಯನ್ನು ಮೊದಲ ದಿನದಿಂದಲೇ ಪಾಲುದಾರನನ್ನಾಗಿ ಮಾಡಿಕೊಂಡರೆ, ಯೋಜನೆ ಮುಗಿದ ಮೇಲೂ ಗುಳಿಗೆ ಬರುತ್ತಿರುತ್ತದೆ.

ನಮ್ಮ ವಾಚಕರಲ್ಲಿ ಕೆಲವರಾದರೂ ಮುಂದೆ ವೈದ್ಯರಾಗುವಿರಿ, ಸಂಖ್ಯಾಶಾಸ್ತ್ರಜ್ಞರಾಗುವಿರಿ, ಔಷಧ ತಯಾರಿಕೆಯಲ್ಲಿ ತೊಡಗುವಿರಿ. ನೆರೆಯೋ, ಭೂಕಂಪವೋ, ಯುದ್ಧವೋ ಬಂದೆಡೆಗೆ ಸಂಶೋಧನೆಗೆಂದು ಹೋಗುವ ಸಂದರ್ಭ ನಿಮಗೆ ಬರಬಹುದು. ಆಗ ಉಪಕರಣಗಳ ಪೆಟ್ಟಿಗೆಯನ್ನು ಕಟ್ಟುವುದಕ್ಕೆ ಮುಂಚೆ, ಅಲ್ಲಿಂದ ಹಿಂದಿರುಗುವ ದಿನದ ಏರ್ಪಾಡನ್ನು ಬರೆದಿಟ್ಟುಕೊಳ್ಳಿರಿ. ಆ ಬಾಲಕಿಯ ಮುಂದಿನ ಇನ್ಸುಲಿನ್ ಸೀಸೆ ಯಾರ ಕೈಯಿಂದ, ಯಾವ ತಾರೀಖಿಗೆ ಬರುತ್ತದೆಂಬುದು ಆ ಬರೆಹದಲ್ಲಿ ಇರಲಿ.